ಇಳಿಜಾರು

ವಾಲ್ಪರೈಸೊದ ಗುಡ್ಡದ ಶಾಲೆ, ಒಂಬತ್ತನೇ ತರಗತಿ.
ಕಿಟಕಿಗಳು ಮೂರು, ಮೂರರಲ್ಲೂ ಕಡಲು.
ಹಲಗೆಗೆ ಮುಖ ಮಾಡಿ ಕೂತವರು ಮೂವತ್ತೊಂದು ಜನ,
ನೋಡುತ್ತಿದ್ದದ್ದು ಬಂದರಿನ ಕ್ರೇನು.

ಎತ್ತರವನ್ನು ಅಡ್ಡಳತೆಯಿಂದ ಭಾಗಿಸಿದರೆ
ಇಳಿಜಾರು, ಅಂದೆ. ಬರಕೊಂಡರು.
ಮತ್ತೆ ಅಂದೆ. ಮತ್ತೆ ಬರಕೊಂಡರು.
ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ
ಹದಿನೇಳು ವರ್ಷ ಹೀಗೇ ತುರುಕಿದ್ದೇನೆ.
ಯಾರೂ ಸತ್ತಿಲ್ಲ, ಅದೊಂದು ಸಮಾಧಾನ.

ಎಲ್ಲ ಮಾಡಿ ನೋಡಿದ್ದೆ ಅನ್ನಿ.
ಬಣ್ಣದ ಚೀಟಿ, ಅಂಟಿಸುವ ನಕ್ಷತ್ರ,
ಗುಂಪಿನಾಟ, ಗೆದ್ದವರಿಗೆ ಚಾಕೊಲೇಟು.
ಚಾಕೊಲೇಟು ಮುಗಿದ ದಿನ
ಗಣಿತವೂ ಮುಗಿಯಿತು.
ಸಾಂತಿಯಾಗೊದಿಂದ ಬಂದ ತರಬೇತಿಯವರು
'ಮಕ್ಕಳೊಳಗೆ ಕಿಡಿ ಹೊತ್ತಿಸಿ' ಅಂದರು.
ನಾನೇ ಒದ್ದೆ ಕಡ್ಡಿಪೆಟ್ಟಿಗೆ,
ತಲೆಯಾಡಿಸಿ ಊಟದ ಚೀಟಿ ಇಸಕೊಂಡೆ.

ಮೈಕೋಲ್ ವೆಂಚೂರ್, ಕೊನೇ ಬೆಂಚು.
ತಲೆ ಮೇಜಿನ ಮೇಲೆ, ಬಾಯಿ ಅರೆತೆರೆದು.
ಅಂಗಿಯಲ್ಲಿ ಎಡಹೆಗಲು ಮಾತ್ರ ಸವೆದು ಹೊಳೆಯುತ್ತದೆ,
ಯಾಕೆಂದು ನಾನು ಕೇಳಿರಲಿಲ್ಲ.
ಆ ಮಂಗಳವಾರ ಎಬ್ಬಿಸಿದ್ದು ಸಿಟ್ಟಿನಿಂದಲೇ:
'ಏನು ಹೇಳಿದೆ ಈಗ ನಾನು?'
ಕಣ್ಣುಜ್ಜಿ, ಹಲಗೆಯ ಓರೆಗೆರೆಯನ್ನು
ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ ನೋಡಿ,
'ಪ್ರೊಫೆ,
ಹತ್ತುವವನಿಗೂ ಅದು ಇಳಿಜಾರೇ?'

ಎಲ್ಲರೂ ನಕ್ಕರು.
ನನಗೆ ನಗು ಬರಲಿಲ್ಲ, ಉತ್ತರವೂ.

ಬೆಳಗಿನ ಐದರಿಂದ ಏಳೂವರೆ,
ಲಾರಿ ಹೋಗದ ಮೆಟ್ಟಿಲುಗಳ ಮೇಲೆ
ಚಿಕ್ಕಪ್ಪನ ಹಿಂದೆ ಗ್ಯಾಸಿನ ಸಿಲಿಂಡರು ಹೊರುತ್ತಾನಂತೆ.
'ನೂರಾ ಅರವತ್ತೆರಡು ಮೆಟ್ಟಿಲು' ಅಂದ,
'ಅರವತ್ತರ ತನಕ ಪರವಾಗಿಲ್ಲ.
ಆಮೇಲೆ ಮೆಟ್ಟಿಲು ಸುಳ್ಳು ಹೇಳುತ್ತೆ.'

ಸುಳ್ಳಾ? ಹೇಗೆ?
ಕೇಳಿದ್ದು ನಾನು. ಉತ್ತರ ಗೊತ್ತಿಲ್ಲದೆ ಕೇಳಿದ್ದು.
ಹದಿನೇಳು ವರ್ಷದಲ್ಲಿ ಅಂಥದು ಅದೇ ಮೊದಲು,
ದನಿ ಬೇರೆ ಥರ ಕೇಳಿಸಿರಬೇಕು:
ಕ್ರೇನು ಬಿಟ್ಟು ಮುಖಗಳು ಈ ಕಡೆ ತಿರುಗಿದವು.

ಟೇಪು ತಂದವಳು ಯಾಮಿಲೆತ್, ಅಜ್ಜಿಯ ಹೊಲಿಗೆ ಡಬ್ಬಿಯಿಂದ.
ಮಟ್ಟ ನೋಡಲು ಅರ್ಧ ತುಂಬಿದ ನೀರಿನ ಬಾಟಲಿ.
ಬೀದಿನಾಯಿ ಎರಡು ಕರೆಯದೆ ಹಿಂದೆ ಬಂದವು.
ಹದಿನಾರು ಸೆಂಟಿಮೀಟರು, ಹದಿನಾರು, ಹದಿನಾರು,
ಬೇಜಾರು ಹುಟ್ಟುವಷ್ಟು ಹದಿನಾರು.
ಅರವತ್ತೊಂದನೆಯದು
ಹತ್ತೊಂಬತ್ತು.

ಯಾವುದೋ ಭೂಕಂಪದ ನಂತರ ಯಾವನೋ ಮೇಸ್ತ್ರಿ
ಸಿಮೆಂಟು ಉಳಿಸಲು
ಕಮ್ಮಿ ಮೆಟ್ಟಿಲಲ್ಲಿ ಗುಡ್ಡ ಮುಗಿಸಿದ್ದ.
ಕಣ್ಣಿಗೆ ಎಲ್ಲ ಒಂದೇ.
ಮೂರು ಸೆಂಟಿಮೀಟರು ಹೆಗಲಿಗೆ ಮಾತ್ರ ಗೊತ್ತು.

ಭಾಗಾಕಾರ ಅಲ್ಲೇ ಆಯಿತು, ಕಲ್ಲಿನ ಮೇಲೆ, ಸೀಮೆಸುಣ್ಣದಲ್ಲಿ.
ಜಗಳವೂ ಆಯಿತು.
ಇಬ್ಬರು ಹುಡುಗರು ಕಾಲರು ಹಿಡಕೊಂಡರು.
ಬಿಡಿಸಿದೆ, ಬೈಯಲಿಲ್ಲ.
ದಶಾಂಶದ ಚುಕ್ಕಿಗಾಗಿ ಸ್ವಾಮಿ, ದಶಾಂಶದ ಚುಕ್ಕಿಗಾಗಿ!

ಎಲ್ಲರೂ ಬದಲಾದರೆಂದು ಹೇಳಲಾರೆ.
ಫ್ಲೊರೆನ್ಸಿಯಾ ಅಷ್ಟೂ ಹೊತ್ತು ಫೋನು ನೋಡಿದಳು.
ಮಾರನೇ ದಿನ ಮೈಕೋಲ್ ಮತ್ತೆ ನಿದ್ದೆ.
ಎಬ್ಬಿಸಲಿಲ್ಲ. ಹೆಡ್ಮಿಸ್ಸಿನ ಹತ್ತಿರ ಕಾಡಿ ಬೇಡಿ
ಗಣಿತವನ್ನು ಮೊದಲನೇ ಪೀರಿಯಡ್ಡಿನಿಂದ
ನಾಲ್ಕನೆಯದಕ್ಕೆ ತಂದೆ. ಅಷ್ಟು ಹೊತ್ತಿಗೆ ಅವನಿಗೆ ಎಚ್ಚರ.

ಇಲಾಖೆಯ ಫಾರಮ್ಮಿನಲ್ಲಿ ಒಂದು ಕಾಲಂ:
'ಪ್ರೇರಣೆಗೆ ಬಳಸಿದ ಸಾಮಗ್ರಿ.'
'ಟೇಪು' ಎಂದು ಬರೆದೆ. ಹೊಡೆದುಹಾಕಿದೆ.
'ಮೆಟ್ಟಿಲು' ಎಂದೆ. ಅದನ್ನೂ.
'ನನ್ನ ಅಜ್ಞಾನ' ಎಂದು ಬರೆಯಲು ಧೈರ್ಯ ಸಾಲದೆ
ಕೊನೆಗೆ ಟೇಪನ್ನೇ ಇನ್ನೊಮ್ಮೆ ಬರೆದೆ.

ಸಂಜೆ ಮನೆಗೆ ಹತ್ತುವಾಗ ಮಂಜು.
ಎಣಿಸುತ್ತಿರಲಿಲ್ಲ, ಸೊಪ್ಪಿನ ಚೀಲ ಕೈ ಬದಲಿಸುತ್ತಿದ್ದೆ.
ಅರವತ್ತೊಂದಕ್ಕೆ
ಕಾಲು ತಾನಾಗಿ ಒಂದಿಷ್ಟು ಹೆಚ್ಚು ಎದ್ದಿತು.